ಪಾಶ್ಚರೈಜರ್ ಎಂಬ ಶಾಖ ವಿನಿಮಯ ಯಂತ್ರ: ಹೊಸ ಇಂಜಿನಿಯರಿಗೆ ಒಂದು ಪಾಠ

ಪದವಿ ಮುಗಿಸಿ ಡೇರಿಗೆ ಹೊಸದಾಗಿ ಸೇರಿರುವ ಇಂಜಿನಿಯರ್ ಮಿತ್ರರೇ, ಶಾಖ ವಿನಿಮಯದ ಸೂತ್ರಗಳನ್ನು ನೀವು ಕಾಲೇಜಿನಲ್ಲಿ ಓದಿರುತ್ತೀರಿ. ಅವು ನಮ್ಮ ಡೇರಿ ಯಂತ್ರದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಈ ಪಾಠದಲ್ಲಿ ನೋಡೋಣ. ಸಂಘಗಳಿಗೆ ಹಾಲು ಹಾಕುವ ಸದಸ್ಯ ಬಾಂಧವರೂ ಇದನ್ನು ಓದಬೇಕೆಂದು ಕೋರಿಕೆ. ಬಾಯ್ಲರಿಗೆ ಸುರಿಯುವ ಇಂಧನದ ಹಣ ಕೊನೆಗೆ ಹೋಗುವುದು ಹಾಲಿನ ಬಟವಾಡೆಯಿಂದಲೇ ಅಲ್ಲವೇ?

ಪಾಶ್ಚರೀಕರಣವೆಂದರೆ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 15 ಸೆಕೆಂಡು ಹಾಗೆಯೇ ಹಿಡಿದು, ಕೂಡಲೇ 4 ಡಿಗ್ರಿಗೆ ತಣಿಸುವುದು. ಇದಕ್ಕೆ ಬಳಸುವ ಪ್ಲೇಟ್ ಯಂತ್ರವನ್ನು 1923ರಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದವರು ರಿಚರ್ಡ್ ಸೆಲಿಗ್‌ಮನ್. ತೆಳುವಾದ ಸ್ಟೀಲ್ ಪ್ಲೇಟುಗಳನ್ನು ಪುಸ್ತಕದ ಹಾಳೆಗಳಂತೆ ಸಾಲಾಗಿ ಜೋಡಿಸಿ, ನಡುವೆ ರಬ್ಬರ್ ಗ್ಯಾಸ್ಕೆಟ್ ಕೂರಿಸಿ, ಎರಡು ದಪ್ಪ ಚೌಕಟ್ಟುಗಳ ಮಧ್ಯೆ ಬೋಲ್ಟಿನಿಂದ ಬಿಗಿಯುತ್ತಾರೆ. ಒಂದು ಸಂದಿಯಲ್ಲಿ ತಣ್ಣನೆಯ ಹಸಿ ಹಾಲು, ಪಕ್ಕದ ಸಂದಿಯಲ್ಲಿ ಎದುರು ದಿಕ್ಕಿಗೆ ಕಾದ ಹಾಲು ಹರಿಯುತ್ತದೆ. ಒಳಗೆ ಬರುವ ಹಾಲನ್ನು ಹೊರಗೆ ಹೋಗುವ ಹಾಲೇ ಕಾಯಿಸುತ್ತದೆ. ಇದಕ್ಕೆ ರಿಜನರೇಷನ್ ಎಂದು ಹೆಸರು. ಉಳಿದ ಅಲ್ಪ ಶಾಖ ಮಾತ್ರ ಬಿಸಿನೀರಿನಿಂದ ಬರಬೇಕು.

ಈಗ ಕಾಗದ, ಪೆನ್ಸಿಲ್ ಹಿಡಿಯಿರಿ. ಗಂಟೆಗೆ 10,000 ಲೀಟರ್ ಹಾಲು, ಅಂದರೆ ಸುಮಾರು 10,300 ಕಿಲೋ. ಹಾಲಿನ ವಿಶಿಷ್ಟ ಶಾಖ ಸುಮಾರು 0.93. ನಾಲ್ಕರಿಂದ 72 ಡಿಗ್ರಿಗೆ ಏರಿಕೆ 68 ಡಿಗ್ರಿ. ಗುಣಿಸಿದರೆ ಗಂಟೆಗೆ ಸುಮಾರು 6,50,000 ಕಿಲೋ ಕ್ಯಾಲರಿ. ರಿಜನರೇಷನ್ ಶೇಕಡಾ 90 ಇದ್ದರೆ ಹಸಿ ಹಾಲು 65 ಡಿಗ್ರಿಯವರೆಗೆ ಪುಕ್ಕಟೆಯಾಗಿ ಏರುತ್ತದೆ. ಬಾಯ್ಲರ್ ಕೊಡಬೇಕಾದದ್ದು 65,000 ಮಾತ್ರ. ತಣ್ಣೀರಿನ ಕಡೆಯೂ ಅಷ್ಟೇ ಉಳಿತಾಯ.

ಹಾಗಾದರೆ ಶೇಕಡಾ 95ಕ್ಕೆ ಏಕೆ ಹೋಗಬಾರದು? ವಿನ್ಯಾಸಕಾರನ ಪರೀಕ್ಷೆ ಇರುವುದು ಇಲ್ಲಿಯೇ. ಶೇಕಡಾ 90ರಲ್ಲಿ ಪ್ಲೇಟಿನ ಎರಡು ಬದಿಯ ಹಾಲುಗಳ ನಡುವಿನ ಅಂತರ 6.8 ಡಿಗ್ರಿ. ಶೇಕಡಾ 95ರಲ್ಲಿ ಅದು 3.4ಕ್ಕೆ ಇಳಿಯುತ್ತದೆ. ಅಂತರ ಅರ್ಧವಾಯಿತು, ಸಾಗಿಸಬೇಕಾದ ಶಾಖ ತುಸು ಹೆಚ್ಚಾಯಿತು. ಚದರ ಮೀಟರಿಗೆ ಪ್ರತಿ ಡಿಗ್ರಿ ಅಂತರಕ್ಕೆ ಗಂಟೆಗೆ 2,500 ಕಿಲೋ ಕ್ಯಾಲರಿ ದಾಟುತ್ತದೆ ಎಂದು ಹಿಡಿದರೆ, ಮೊದಲನೆಯದಕ್ಕೆ ಸುಮಾರು 35 ಚದರ ಮೀಟರ್ ಪ್ಲೇಟ್ ಸಾಕು. ಎರಡನೆಯದಕ್ಕೆ 73 ಬೇಕು. ಐದು ಶೇಕಡಾ ಹೆಚ್ಚಿಗೆ ಪ್ಲೇಟುಗಳು ಎರಡರಷ್ಟು! ಗ್ಯಾಸ್ಕೆಟ್‌ಗಳೂ ಎರಡರಷ್ಟು, ಪಂಪಿನ ಹೊರೆಯೂ ಹೆಚ್ಚು. ಆದರೆ ಪ್ರತಿ ಗಂಟೆಗೆ ಉಳಿಯುವ ಶಾಖ 32,500 ಕಿಲೋ ಕ್ಯಾಲರಿ, ಅಂದರೆ ಸುಮಾರು 65 ಕಿಲೋ ಹಬೆ. ದಿನಕ್ಕೆ 16 ಗಂಟೆ ಓಡುವ ಡೇರಿಗೆ ಇದು ಲಾಭ. 4 ಗಂಟೆ ಓಡುವ ಸಣ್ಣ ಘಟಕಕ್ಕೆ ಅನುಮಾನ. ಮಾರಾಟಗಾರರ ಪಟ್ಟಿಯಲ್ಲಿ ಶೇಕಡಾವಾರು ನೋಡಿ ಮರುಳಾಗದೆ ನಿಮ್ಮ ಡೇರಿಯ ಗಂಟೆಗಳನ್ನು ಹಾಕಿ ಲೆಕ್ಕ ಮಾಡಿ.

ತಯಾರಿಕೆಯ ಬಗ್ಗೆ ಒಂದು ಮಾತು. ಪ್ಲೇಟಿನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಅದರ ಮೇಲಿನ ಮೀನಿನ ಮುಳ್ಳಿನಂಥ ಏರಿಳಿತಗಳನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಅಚ್ಚೊತ್ತುತ್ತಾರೆ. ಅವು ಅಂದಕ್ಕಾಗಿ ಅಲ್ಲ. ಹಾಲು ಸುಳಿಸುಳಿಯಾಗಿ ಹರಿದು ಶಾಖ ಬೇಗ ದಾಟುವುದು ಅವುಗಳಿಂದ. ಪಕ್ಕದ ಪ್ಲೇಟಿನ ಏಣು ತಾಗಿ ತೆಳು ತಗಡು ಒತ್ತಡ ತಡೆಯುವುದೂ ಅವುಗಳಿಂದಲೇ. ಆದ್ದರಿಂದ ಬೋಲ್ಟ್ ಬಿಗಿಯುವಾಗ ಕೈಬಲ ನಂಬಬೇಡಿ. ಪ್ಲೇಟುಗಳ ಸಂಖ್ಯೆಗೆ ತಕ್ಕಂತೆ ತಯಾರಕರು ಕೊಟ್ಟ ಅಳತೆ ಇರುತ್ತದೆ. ಎರಡೂ ಬದಿಗಳಲ್ಲಿ, ಮೇಲೂ ಕೆಳಗೂ ಟೇಪು ಹಿಡಿದು ನೋಡಿ. ಅತಿಯಾಗಿ ಬಿಗಿದರೆ ಏಣುಗಳು ಚಪ್ಪಟೆಯಾಗಿ, ಮತ್ತೆ ಸರಿಪಡಿಸಲು ಬಾರದು.

ಇನ್ನು ಎಲ್ಲಕ್ಕಿಂತ ಗಂಭೀರವಾದ ವಿಷಯ. ಇಷ್ಟು ತೆಳು ತಗಡಿನಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದರೆ ಹಸಿ ಹಾಲು, ಪಾಶ್ಚರೀಕರಿಸಿದ ಹಾಲಿಗೆ ಸೇರಬಹುದು. ಅದು ಮಕ್ಕಳು ಕುಡಿಯುವ ಪ್ಯಾಕೆಟ್ಟಿಗೆ ಹೋಗುತ್ತದೆ. ಪಂಪಿನಿಂದ ನೇರವಾಗಿ ಬರುವ ಹಸಿ ಹಾಲಿನ ಒತ್ತಡ ಸಹಜವಾಗಿ ಹೆಚ್ಚು. ಎಲ್ಲ ವಿಭಾಗ ದಾಟಿ ಬಂದ ಹಾಲಿನದು ಕಡಿಮೆ. ಈ ಸ್ಥಿತಿಯನ್ನು ತಲೆಕೆಳಗು ಮಾಡಬೇಕು. ಅದಕ್ಕಾಗಿಯೇ ಹಸಿ ಹಾಲು ರಿಜನರೇಷನ್ ವಿಭಾಗ ದಾಟಿದ ನಂತರ ಬೂಸ್ಟರ್ ಪಂಪ್ ಇಡುತ್ತಾರೆ. ಆಗ ಸೋರಿದರೂ ಶುದ್ಧ ಹಾಲು ಹಸಿ ಹಾಲಿಗೆ ಸೋರುತ್ತದೆ. ನಕ್ಷೆ ಓದುವಾಗ ಈ ಪಂಪ್ ಎಲ್ಲಿದೆಯೆಂದು ಮೊದಲು ಹುಡುಕಿ. ಯಂತ್ರದ ಮುಂದೆ ನಿಂತಾಗ ಎರಡೂ ಒತ್ತಡ ಮಾಪಕಗಳನ್ನು ಹೋಲಿಸಿ. ರಂಧ್ರಗಳಿಗೆ ಮುಖ್ಯ ಕಾರಣ ಕ್ಲೋರಿನ್. ಹೈಪೋಕ್ಲೋರೈಟ್ ದ್ರಾವಣವನ್ನು ಗಟ್ಟಿಯಾಗಿ, ಬಿಸಿಯಾಗಿ ಬಳಸಿದರೆ ಅಥವಾ ರಾತ್ರಿಯಿಡೀ ಒಳಗೇ ಬಿಟ್ಟರೆ ಒಳ್ಳೆಯ ಸ್ಟೀಲನ್ನೂ ಅದು ತಿನ್ನುತ್ತದೆ. ಕಾಲಕಾಲಕ್ಕೆ ಪ್ಲೇಟು ಬಿಚ್ಚಿ ಒಂದು ಬದಿಗೆ ಬಣ್ಣದ ದ್ರಾವಣ ಬಳಿದು, ಇನ್ನೊಂದು ಬದಿಯಲ್ಲಿ ಚುಕ್ಕೆ ಮೂಡುತ್ತದೆಯೇ ನೋಡಬೇಕು. ಬೇಸರದ ಕೆಲಸ, ಆದರೆ ಬೇರೆಯವರಿಗೆ ವಹಿಸಿ ಕೂರುವಂಥದಲ್ಲ.

ಸದಸ್ಯರ ಪಾಲು ಬರುವುದು ಗಸಿಯ ವಿಷಯದಲ್ಲಿ. ಹಾಲು ಕಾದಾಗ ಅದರ ಪ್ರೋಟೀನು ಮತ್ತು ಸುಣ್ಣದ ಅಂಶ ಪ್ಲೇಟಿಗೆ ಅಂಟುತ್ತವೆ. ಹುಳಿ ತಿರುಗಿದ ಹಾಲು ಇನ್ನೂ ಬೇಗ ಅಂಟುತ್ತದೆ. ಬೆಳಿಗ್ಗೆ ಕರೆದ ಹಾಲು ಬಿಸಿಲಲ್ಲಿ ಕ್ಯಾನಿನಲ್ಲಿ ಕಾದು ಕೂತರೆ ಅದರ ಫಲ ಡೇರಿಯ ಪ್ಲೇಟಿನ ಮೇಲೆ ಕಾಣುತ್ತದೆ. ಗಸಿ ಕೂತಷ್ಟೂ ಶಾಖ ದಾಟುವುದು ಕಡಿಮೆ. ಹಾಲನ್ನು ಅದೇ 72 ಡಿಗ್ರಿಗೆ ತರಲು ಬಿಸಿನೀರಿನ ಉಷ್ಣತೆ ಏರಿಸಬೇಕಾಗುತ್ತದೆ. ಹೊಸ ಇಂಜಿನಿಯರ್ ಪ್ರತಿ ಅರ್ಧ ಗಂಟೆಗೆ ಈ ಬಿಸಿನೀರಿನ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಬರೆಯಲಿ. ಶುರುವಿಗಿಂತ ನಾಲ್ಕೈದು ಡಿಗ್ರಿ ಮೇಲೆ ಹೋಗಿದ್ದರೆ ಯಂತ್ರ ನಿಲ್ಲಿಸಿ, ಮೊದಲು ಕಾಸ್ಟಿಕ್ ಸೋಡ, ನೀರು, ಬಳಿಕ ನೈಟ್ರಿಕ್ ಆಮ್ಲ, ಮತ್ತೆ ನೀರು ಹಾಯಿಸಿ ತೊಳೆಯುವ ಹೊತ್ತಾಯಿತೆಂದು ತಿಳಿಯಬೇಕು. ಆ ದಿನ ಯಾವ ಮಾರ್ಗದ ಲಾರಿ ತಡವಾಗಿ ಬಂದಿತ್ತೆಂದು ಅದೇ ಸಾಲಿನ ಪಕ್ಕದಲ್ಲಿ ಬರೆದಿಡಿ.