ಹತ್ತು ಸಾವಿರದೊಳಗೆ ಒಂದು ಯುದ್ಧವಿಮಾನ

ಡಿಸಿಎಸ್ ವರ್ಲ್ಡ್ ಎಂಬ ಯುದ್ಧವಿಮಾನ ಸಿಮ್ಯುಲೇಟರನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಒಂದು ರೂಪಾಯಿಯೂ ಬೇಡ. ಅದನ್ನು ತಯಾರಿಸುವ ಈಗಲ್ ಡೈನಮಿಕ್ಸ್ ಕಂಪನಿ ಜೊತೆಗೆ ಎರಡು ವಿಮಾನಗಳನ್ನೂ ಪುಕ್ಕಟೆ ಕೊಡುತ್ತದೆ. ಒಂದು ರಷ್ಯಾದ ಸು-25ಟಿ, ಇನ್ನೊಂದು ಎರಡನೇ ಮಹಾಯುದ್ಧದ ಮಸ್ಟಾಂಗ್‌ನ ಬಂದೂಕಿಲ್ಲದ ರೂಪ ಟಿಎಫ್-51ಡಿ. ಹಾರಾಡಲು ಕಾಕಸಸ್ ಮತ್ತು ಮರಿಯಾನಾ ದ್ವೀಪಗಳ ನಕ್ಷೆಗಳೂ ಉಚಿತ. ಖರ್ಚು ಶುರುವಾಗುವುದು ಅಲ್ಲಿಂದಾಚೆಗೆ. ಅಮೆರಿಕದ ನೌಕಾಪಡೆ ಹಾರಿಸುತ್ತಿದ್ದ ಎಫ್/ಎ-18ಸಿ ಹಾರ್ನೆಟ್ ಬೇಕೆಂದರೆ ಪಟ್ಟಿ ಬೆಲೆ 79.99 ಡಾಲರ್, ಅಂದರೆ ಹತ್ತಿರಹತ್ತಿರ ಏಳು ಸಾವಿರ ರೂಪಾಯಿ. ಎಫ್-16ಸಿ ವೈಪರ್‌ಗೂ ಅಷ್ಟೇ. ಒಂದೇ ಒಂದು ವಿಮಾನಕ್ಕೆ ಇಷ್ಟು.

ಈ ಅಂಕಣಕಾರ ಕೆಲವು ವರ್ಷಗಳಿಂದ ಈ ಹವ್ಯಾಸದಲ್ಲಿರುವುದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ: ಮೊದಲು ಯಾವುದನ್ನು ಕೊಳ್ಳಬೇಕು? ಆಟದ ಪ್ರಶ್ನೆಯಂತೆ ಕಂಡರೂ ಇದು ಅಪ್ಪಟ ಹಣಕಾಸಿನ ಪ್ರಶ್ನೆ. ಕೊಂಡ ವಿಮಾನ ಕೊಂಡವರ ಖಾತೆಗೆ ಅಂಟಿಕೊಂಡುಬಿಡುತ್ತದೆ. ಬೇಡವೆನಿಸಿದರೆ ಓಎಲ್‌ಎಕ್ಸ್‌ನಲ್ಲಿ ಮಾರಲಾಗದು, ತಮ್ಮನಿಗೆ ದಾಟಿಸಲಾಗದು. ಕಲಿತರೆ ಮಾತ್ರ ಅದು ದುಡಿಯುತ್ತದೆ. ಕಲಿಯದೆ ಬಿಟ್ಟರೆ ಏಳು ಸಾವಿರ ಅಲ್ಲಿಗೆ ಮುಗಿಯಿತು. ಹಾಗಾಗಿ ಹೊಸಬರು ನೋಡಬೇಕಾದದ್ದು ಯಾವ ವಿಮಾನ ಹೆಚ್ಚು ಬಲಶಾಲಿ ಎಂಬುದನ್ನಲ್ಲ, ಯಾವುದು ತಮ್ಮನ್ನು ಎರಡನೇ ತಿಂಗಳಿಗೂ ಕುರ್ಚಿಯಲ್ಲಿ ಕೂರಿಸುತ್ತದೆ ಎಂಬುದನ್ನು.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಫೋನು ಮಾಡಿದಾಗ ಅವನ ಆಯ್ಕೆ ಆಗಲೇ ಮುಗಿದಿತ್ತು. "ಮಾಮ, ಮಿಗ್-21 ತಗೊಂಡ್ಬಿಡ್ಲಾ? ನಮ್ಮ ಏರ್‌ಫೋರ್ಸ್‌ದು ಅಲ್ವಾ!"

ಆಸೆ ಸಹಜವೇ. 1963ರಲ್ಲಿ ಭಾರತೀಯ ವಾಯುಪಡೆ ಸೇರಿದ ಮಿಗ್-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತವಾಯಿತು. ಅದರ 'ಬಿಸ್' ಮಾದರಿ ಡಿಸಿಎಸ್‌ನಲ್ಲಿ 2014ರಿಂದಲೂ ಇದೆ, ಬಹಳ ಚೆನ್ನಾಗಿಯೂ ಇದೆ. ಆದರೆ ಅದರ ಪುಟ್ಟ ತ್ರಿಕೋನ ರೆಕ್ಕೆಗಳು ನಿಧಾನ ವೇಗದಲ್ಲಿ ವಿಮಾನವನ್ನು ಎತ್ತಿ ಹಿಡಿಯುವುದಿಲ್ಲ. ಗಂಟೆಗೆ 300 ಕಿ.ಮೀ.ಗೂ ಮೀರಿದ ವೇಗದಲ್ಲೇ ರನ್‌ವೇಯತ್ತ ಬರಬೇಕು, ಕೊನೆಯವರೆಗೂ ಎಂಜಿನ್ನಿನ ಶಕ್ತಿ ಇಳಿಸುವಂತಿಲ್ಲ, ಇಂಧನವೂ ಬೇಗ ಕರಗುತ್ತದೆ. ಮೊದಲ ವಾರವೇ ಹತ್ತು ಸಲ ನೆಲಕ್ಕಪ್ಪಳಿಸಿದ ಹುಡುಗ ಹನ್ನೊಂದನೇ ಸಲ ಕಂಪ್ಯೂಟರ್ ತೆರೆಯುತ್ತಾನೆಂಬ ಖಾತ್ರಿ ಏನು?

ನಿಜವಾದ ವಾಯುಪಡೆಯೂ ಇದೇ ಪ್ರಶ್ನೆಯ ಮುಂದೆ ವರ್ಷಗಟ್ಟಲೆ ನಿಂತಿತ್ತು. ಕಿರಣ್‌ನಂಥ ತರಬೇತಿ ವಿಮಾನಗಳಲ್ಲಿ ಕಲಿತ ತರುಣರು ಸೀದಾ ಮಿಗ್-21ರ ಕಾಕ್‌ಪಿಟ್‌ಗೆ ಹತ್ತುತ್ತಿದ್ದರು. ನಡುವೆ ಒಂದು ಮೆಟ್ಟಿಲು ಬೇಕು, ಸುಧಾರಿತ ಜೆಟ್ ತರಬೇತಿ ವಿಮಾನ ಕೊಳ್ಳಿ ಎಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತು. ಅಂಥ ತರಬೇತಿ ವಿಮಾನವಾದ ಹಾಕ್‌ನ 66 ಪ್ರತಿಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. 24 ಬ್ರಿಟನ್ನಿನಿಂದ ಬರುವುದು, 42ನ್ನು ಬೆಂಗಳೂರಿನ ಎಚ್‌ಎಎಲ್ ಕಟ್ಟುವುದು ಎಂದು ಹಂಚಿಕೆಯಾಯಿತು. 2008ರ ಫೆಬ್ರುವರಿಯಲ್ಲಿ ಹಾಕ್ ಬೀದರ್ ವಾಯುನೆಲೆಗೆ ಸೇರ್ಪಡೆಯಾಯಿತು. ಇವತ್ತಿಗೂ ಫೈಟರ್ ಪೈಲಟ್ ಆಗಬೇಕೆನ್ನುವವರು ಬೀದರಿನ ಆಕಾಶದಲ್ಲಿ ಹಾಕ್ ಹಾರಿಸಿ ಕೈ ಕುದುರಿಸಿಕೊಳ್ಳುತ್ತಾರೆ. ಕಲಿಯುವವರ ವಿಮಾನಕ್ಕೆಂದೇ ದೊಡ್ಡ ಮೊತ್ತ ತೆಗೆದಿಡಬೇಕೆಂದು ಒಂದು ದೇಶ ತೀರ್ಮಾನಿಸಲು ಇಷ್ಟು ಕಾಲ ಹಿಡಿಯಿತು. ಮನೆಯ ಮೇಜಿನ ಮೇಲೆ ಹಾರುವವರಿಗೆ ಆ ತೀರ್ಮಾನ ಒಂದು ಸಂಜೆಯ ಕೆಲಸ.

ಮೊದಲ ಮೆಟ್ಟಿಲು ಉಚಿತ ವಿಮಾನಗಳೇ. ಆದರೆ ಉಚಿತವೆಂದರೆ ಸುಲಭವೆಂದು ತಿಳಿಯಬಾರದು. ಟಿಎಫ್-51ಡಿಯ ಮುಂದಿನ ದೊಡ್ಡ ಪ್ರೊಪೆಲರ್ ತಿರುಗುವ ರಭಸಕ್ಕೆ ವಿಮಾನದ ಮೂತಿ ಎಡಕ್ಕೆ ಎಳೆಯುತ್ತದೆ. ಬಾಲದ ಚುಕ್ಕಾಣಿಯಾದ ರಡ್ಡರನ್ನು ಬಲಕ್ಕೆ ಒತ್ತಿ ಹಿಡಿಯದಿದ್ದರೆ ರನ್‌ವೇ ಬಿಟ್ಟು ಹುಲ್ಲಿಗಿಳಿಯುತ್ತದೆ. ಸು-25ಟಿ ಭಾರದ ವಿಮಾನ. ಒಂದು ರೆಕ್ಕೆಯ ಬಾಂಬು ಉದುರಿದ ಕ್ಷಣವೇ ಇನ್ನೊಂದು ರೆಕ್ಕೆ ಕೆಳಗೆ ವಾಲುತ್ತದೆ. ಪೈಲಟ್ ಕೋಲನ್ನು ವಾಲಿದ ರೆಕ್ಕೆಯ ವಿರುದ್ಧ ದಿಕ್ಕಿಗೆ ಒತ್ತಿ, ಟ್ರಿಮ್ ಗುಂಡಿಯನ್ನು ಟಕ್ ಟಕ್ ಎಂದು ಒತ್ತುತ್ತ ಸಮತೂಕಕ್ಕೆ ತಂದು, ಆಮೇಲೆ ಕೋಲು ಸಡಿಲ ಬಿಡಬೇಕು. ಮೂಗಿನಲ್ಲಿರುವ ಶ್ಕ್ವಾಲ್ ಕ್ಯಾಮೆರಾದಲ್ಲಿ ದೂರದ ಟ್ಯಾಂಕನ್ನು ಹುಡುಕಿ ವಿಖ್ರ್ ಕ್ಷಿಪಣಿ ಬಿಡುವ ಹೊತ್ತಿಗೆ ಅದೇ ಕೈಗೆ ಇನ್ನೊಂದು ಕೆಲಸ ಕಾದಿರುತ್ತದೆ. ಇಷ್ಟೆಲ್ಲ ಇದ್ದರೂ ಈ ಎರಡನ್ನೂ ಹಾರಿಸಲೇಬೇಕು. ಇವು ಕಲಿಸುವ ಟ್ರಿಮ್ ಮತ್ತು ರಡ್ಡರ್ ಮುಂದೆ ಯಾವ ವಿಮಾನ ಕೊಂಡರೂ ಉಪಯೋಗಕ್ಕೆ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಈ ಹವ್ಯಾಸ ನಮಗೆ ಒಗ್ಗುತ್ತದೋ ಇಲ್ಲವೋ ಎಂಬುದು ಪೈಸೆ ಖರ್ಚಿಲ್ಲದೆ ಗೊತ್ತಾಗುತ್ತದೆ.

ಎರಡನೇ ಮೆಟ್ಟಿಲು ಫ್ಲೇಮಿಂಗ್ ಕ್ಲಿಫ್ಸ್ ಗುಂಪಿನ ವಿಮಾನಗಳು. ಎಫ್-15ಸಿ, ಸು-27, ಮಿಗ್-29, ಎ-10ಎ, ಸು-25 ಮುಂತಾದವು ಇದರಲ್ಲಿವೆ. ಬಿಡಿಯಾಗಿ ಒಂದಕ್ಕೆ 15 ಡಾಲರ್ ಆಸುಪಾಸು. ಕಾಕ್‌ಪಿಟ್‌ನ ಸ್ವಿಚ್ಚುಗಳನ್ನು ಮೌಸಿನಿಂದ ಒತ್ತಲಾಗದು, ಎಲ್ಲವೂ ಕೀಬೋರ್ಡಿನಲ್ಲೇ. ಆದರೆ ಹಾರಾಟದ ಭೌತಶಾಸ್ತ್ರದಲ್ಲಿ ರಾಜಿಯಿಲ್ಲ. ಹತ್ತು ನಿಮಿಷದಲ್ಲಿ ಎಂಜಿನ್ ಚಾಲೂ, ಅರ್ಧ ಗಂಟೆಯಲ್ಲಿ ರೇಡಾರ್ ಪರಿಚಯ. ಕಡಿಮೆ ದುಡ್ಡಿನಲ್ಲಿ ಕಾಳಗದ ಅಕ್ಷರಾಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಈ ಅಂಕಣಕಾರನಿಗೆ ಕಂಡಿಲ್ಲ.

ಪೂರ್ತಿ ವಿವರಗಳಿರುವ ಒಂದೇ ವಿಮಾನ ಕೊಳ್ಳುವುದಾದರೆ ಹಾರ್ನೆಟ್. 2018ರಿಂದ ಬಳಕೆಯಲ್ಲಿರುವುದರಿಂದ ಅದರ ಪಾಠಗಳ ವೀಡಿಯೋಗಳಿಗೆ ಬರವಿಲ್ಲ. ಕಂಪ್ಯೂಟರೇ ರೆಕ್ಕೆಗಳನ್ನು ಸರಿದೂಗಿಸುವ ವಿಮಾನ ಅದು. ಕೋಲು ಬಿಟ್ಟರೂ ನೇರವಾಗಿ ಸಾಗುತ್ತದೆ. ಹಡಗಿನ ಮೇಲೆ ಬಡಿದಂತೆ ಇಳಿಯಲೆಂದೇ ಮಾಡಿದ ಗಟ್ಟಿ ಚಕ್ರಗಳು ಹೊಸಬರ ಒರಟು ಲ್ಯಾಂಡಿಂಗನ್ನು ತಡೆದುಕೊಳ್ಳುತ್ತವೆ. ಕಾಕಸಸ್ ನಕ್ಷೆಯ ಬಟುಮಿಯ ರನ್‌ವೇಗೆ ಇಳಿಯುವುದನ್ನು ನೋಡಿ: ಚಕ್ರ ಕೆಳಗೆ, ಫ್ಲ್ಯಾಪ್ ಪೂರ್ತಿ. ಗಾಳಿಗೆ ರೆಕ್ಕೆ ಒಡ್ಡುವ ಕೋನ 8.1 ಡಿಗ್ರಿಗೆ ಬರುವವರೆಗೆ ಟ್ರಿಮ್. ಗಾಜಿನ ಪಕ್ಕದ ಪುಟ್ಟ ಸೂಚಕದಲ್ಲಿ ಹಳದಿ ವೃತ್ತ ಹೊತ್ತಿಕೊಂಡಿತೆಂದರೆ ಕೋನ ಸರಿಯಿದೆ ಎಂದರ್ಥ. ಅಲ್ಲಿಂದ ಮುಂದೆ ಕೋಲನ್ನು ಎಳೆದಾಡುವ ಅಗತ್ಯವೇ ಬೀಳುವುದಿಲ್ಲ. ಇಳಿಯುವ ಗತಿ ಹೆಚ್ಚಾದರೆ ಎಂಜಿನ್ ಶಕ್ತಿಯ ಥ್ರಾಟಲ್ ಕೊಂಚ ಮುಂದೆ, ಕಡಿಮೆಯಾದರೆ ಕೊಂಚ ಹಿಂದೆ. ಎಡಗೈಯೇ ವಿಮಾನವನ್ನು ನೆಲ ಮುಟ್ಟಿಸುತ್ತದೆ. ಅದೇ ಎಫ್-16ರಲ್ಲಾದರೆ ಚಕ್ರಗಳ ನಡುವಿನ ಅಂತರ ಕಿರಿದು, ವೇಗ ಸ್ವಲ್ಪ ಹೆಚ್ಚಿದ್ದರೂ ತೇಲುತ್ತ ಹೋಗುತ್ತದೆ, ಮೂಗು ಜಾಸ್ತಿ ಎತ್ತಿದರೆ ಬಾಲ ನೆಲಕ್ಕೆ ಉಜ್ಜುತ್ತದೆ. ಎ-10ಸಿ ನಿಧಾನದ, ಸಹನೆಯ ವಿಮಾನ. ನೆಲದ ಗುರಿಗಳ ಮೇಲಷ್ಟೇ ಆಸಕ್ತಿಯಿರುವವರಿಗೆ ಅದು ಹೊಂದುತ್ತದೆ. ಹಾರ್ನೆಟ್ ಮಾತ್ರ ಆಕಾಶ, ನೆಲ, ಸಮುದ್ರ ಮೂರೂ ಕಡೆ ಕೆಲಸ ಮಾಡುತ್ತದೆ. ಆಸಕ್ತಿ ಬದಲಾದರೂ ಹೊಸ ವಿಮಾನ ಕೊಳ್ಳಬೇಕಾಗಿ ಬರುವುದಿಲ್ಲ.

ಪಟ್ಟಿ ಬೆಲೆಯ ಹಿಂದೆ ಸಾಲಾಗಿ ಬರುವ ಖರ್ಚುಗಳನ್ನೂ ಎಣಿಸಬೇಕು.

ಮೊದಲನೆಯದು ಜಾಯ್‌ಸ್ಟಿಕ್. ಕೀಬೋರ್ಡಿನಲ್ಲಿ ಹಾರುವುದು ಸಾಧ್ಯ, ಸಂತೋಷ ಮಾತ್ರ ಸಿಗುವುದಿಲ್ಲ. ಈ ಅಂಕಣಕಾರ ವಿಮಾನಕ್ಕೆ ಮೊದಲು ಕೊಂಡದ್ದು ಕೋಲನ್ನೇ. ಅದು ಎಲ್ಲ ವಿಮಾನಗಳಿಗೂ ಆಗುತ್ತದೆ, ಸಾಕೆನಿಸಿದರೆ ಸೆಕೆಂಡ್ ಹ್ಯಾಂಡ್ ಮಾರಿ ಅರ್ಧ ದುಡ್ಡಾದರೂ ಹಿಂಪಡೆಯಬಹುದು. ಕೊಳ್ಳುವಾಗ ಎರಡು ಸಂಗತಿ ನೋಡಿದರೆ ಸಾಕು. ಹಿಡಿಯನ್ನು ಎಡಬಲಕ್ಕೆ ತಿರುಚಿದರೆ ರಡ್ಡರ್ ಕೆಲಸ ಮಾಡಬೇಕು, ಥ್ರಾಟಲ್‌ಗೆ ಪ್ರತ್ಯೇಕ ಲಿವರ್ ಇರಬೇಕು. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊನಲ್ಲಿ ಇವೆರಡೂ ಇವೆ. ಥ್ರಸ್ಟ್‌ಮಾಸ್ಟರ್ ಟಿ.16000ಎಂ ಕೋಲಿನಲ್ಲಿ ಆಯಸ್ಕಾಂತದ ಸೆನ್ಸರ್ ಇರುವುದರಿಂದ ಸವೆತ ಕಡಿಮೆ.

ಎರಡನೆಯದು ವಿದೇಶಿ ಪಾವತಿಯ ಸುಂಕ. ತಯಾರಕರ ಜಾಲತಾಣದಲ್ಲಿ ಡಾಲರಿನಲ್ಲಿ ಕೊಂಡರೆ ಅನೇಕ ಕ್ರೆಡಿಟ್ ಕಾರ್ಡುಗಳು 3.5% ಮಾರ್ಕಪ್ ಹಾಕುತ್ತವೆ, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಏಳು ಸಾವಿರದ ಖರೀದಿಗೆ ಇದೇ ಸುಮಾರು 290 ರೂಪಾಯಿ. ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಬಂದ್ ಆಗಿಯೇ ಬರುತ್ತದೆ, ರಿಸರ್ವ್ ಬ್ಯಾಂಕಿನ 2020ರ ನಿಯಮ ಅದು. ಬೇಕಾದಾಗ ಬ್ಯಾಂಕಿನ ಆ್ಯಪ್‌ನಲ್ಲಿ ಮಿತಿ ಹಾಕಿ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚುವುದು ಕ್ಷೇಮ. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ಯುಪಿಐ ಕೂಡ ನಡೆಯುತ್ತದೆ. ಕೊಳ್ಳುವ ದಿನ ಎರಡೂ ಕಡೆ ಬೆಲೆ ತಾಳೆ ನೋಡಬೇಕು.

ಮೂರನೆಯದು ಬಾಲಂಗೋಚಿಗಳು. ಹಾರ್ನೆಟ್ ಬಂದ ಮೇಲೆ ವಿಮಾನವಾಹಕ ನೌಕೆ ಬೇಕೆನಿಸುತ್ತದೆ. ಸೂಪರ್‌ಕ್ಯಾರಿಯರ್ ಎಂಬುದು ಪ್ರತ್ಯೇಕ ಸರಕು. ಉಚಿತ ಸ್ಟೆನಿಸ್ ನೌಕೆ ಕಲಿಕೆಗೆ ಧಾರಾಳ ಸಾಕು. ಪರ್ಷಿಯನ್ ಕೊಲ್ಲಿ, ಸಿರಿಯಾ ನಕ್ಷೆಗಳಿಗೂ ದುಡ್ಡು. ಮೊದಲ ವರ್ಷ ಕಾಕಸಸ್ಸೇ ಸಾಕು.

ಇನ್ನೊಂದು ಅಪಾಯವನ್ನು ಜಾಹೀರಾತುಗಳು ಹೇಳುವುದಿಲ್ಲ. ಡಿಸಿಎಸ್‌ನ ಎಷ್ಟೋ ವಿಮಾನಗಳನ್ನು ಬೇರೆ ಬೇರೆ ಸಂಸ್ಥೆಗಳು ತಯಾರಿಸುತ್ತವೆ, ಪೂರ್ತಿಯಾಗುವ ಮೊದಲೇ 'ಅರ್ಲಿ ಆ್ಯಕ್ಸೆಸ್' ಹೆಸರಿನಲ್ಲಿ ಮಾರುತ್ತವೆ. ಬೀದರಿನಲ್ಲಿ ಹಾರುವ ಹಾಕ್‌ನ ಬ್ರಿಟಿಷ್ ಮಾದರಿ ಟಿ.1ಎ ಒಂದು ಕಾಲದಲ್ಲಿ ಡಿಸಿಎಸ್‌ನಲ್ಲೂ ಮಾರಾಟಕ್ಕಿತ್ತು. ಅದನ್ನು ತಯಾರಿಸಿದ ವೀಯೋ ಸಂಸ್ಥೆ 2018ರಲ್ಲಿ ಡಿಸಿಎಸ್ ಕೆಲಸ ನಿಲ್ಲಿಸಿತು. ಸಿಮ್ಯುಲೇಟರಿನ ಹೊಸ ಆವೃತ್ತಿಗಳಲ್ಲಿ ಆ ವಿಮಾನ ಈಗ ಏಳುವುದೇ ಇಲ್ಲ. 2023ರ ಜೂನ್‌ನಲ್ಲಿ ಅರ್ಲಿ ಆ್ಯಕ್ಸೆಸ್‌ಗೆ ಬಂದ ಎಫ್-15ಇ ವಿಮಾನದ್ದೂ ಇಂಥದೇ ಕತೆ. ತಯಾರಿಸಿದ ರೇಜ್‌ಬ್ಯಾಮ್ ಸಂಸ್ಥೆಗೂ ಈಗಲ್ ಡೈನಮಿಕ್ಸ್‌ಗೂ ನಡುವೆ ಹಣ ಪಾವತಿಯ ತಕರಾರು 2024ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ, ಕೆಲಸ ನಿಂತಿತು. ಯಾರದು ಸರಿ ಎಂಬುದು ಅವರಿಬ್ಬರ ವ್ಯವಹಾರ. ಕೊಂಡವರ ದುಡ್ಡು ಮಾತ್ರ ನಡುವೆ ಸಿಕ್ಕಿಕೊಂಡಿತು. ಹೊಸಬರ ಮೊದಲ ಖರೀದಿ ಕೆಲವು ವರ್ಷ ಬಾಳಿ ನಿಂತ ವಿಮಾನವೇ ಆಗಿರಬೇಕೆಂದು ಈ ಅಂಕಣಕಾರ ಒತ್ತಿ ಹೇಳುವುದು ಈ ಕಾರಣಕ್ಕೆ.

ಇನ್ನು, ಕೊಳ್ಳುವ ಸಮಯ. ತಯಾರಕರ ಸ್ವಂತ ಆವೃತ್ತಿಯಲ್ಲಿ ಹೆಚ್ಚಿನ ವಿಮಾನಗಳನ್ನು 14 ದಿನ ಉಚಿತವಾಗಿ ಹಾರಿಸಿ ನೋಡಬಹುದು. ಸ್ಟೀಮ್‌ನಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆದರೆ ಹಾರ್ನೆಟ್‌ನ ಬ್ಯಾಟರಿ ಹಾಕಿ, ಎಪಿಯು ಎಂಬ ಸಹಾಯಕ ಎಂಜಿನ್ ಚಾಲೂ ಮಾಡಿ, ಹಸಿರು ದೀಪಕ್ಕೆ ಕಾದು, ಬಲ ಎಂಜಿನ್ ತಿರುಗಿಸಿ, ಆಮೇಲೆ ಎಡ ಎಂಜಿನ್‌ಗೆ ಬರುವುದನ್ನು ಕಲಿಯುವಷ್ಟರಲ್ಲೇ ಎರಡು ಗಂಟೆಯ ದೊಡ್ಡ ಪಾಲು ಕಳೆದಿರುತ್ತದೆ. ಪರೀಕ್ಷೆಗೆ ಸ್ವಂತ ಆವೃತ್ತಿಯೇ ಮೇಲು. ಬೇಸಿಗೆ, ನವೆಂಬರ್ ಕೊನೆ, ವರ್ಷಾಂತ್ಯದ ಸೇಲ್‌ಗಳಲ್ಲಿ ಹಳೆಯ ವಿಮಾನಗಳ ಬೆಲೆ ಅರ್ಧಕ್ಕೆ ಇಳಿಯುವುದುಂಟು. ಆ ಬೆಲೆಗೆ ಕಾಯದೆ ಪೂರ್ತಿ ಬೆಲೆ ಕೊಡಲು ಹೊಸಬರಿಗೆ ಯಾವ ಕಾರಣವೂ ಇಲ್ಲ.

ಅಕ್ಕನ ಮಗನ ಕೈಯಲ್ಲಿದ್ದದ್ದು ಹತ್ತು ಸಾವಿರ, ಇಂಟರ್ನ್‌ಶಿಪ್‌ನಲ್ಲಿ ಅವನೇ ದುಡಿದದ್ದು. ಹಂಚಿಕೆ ಹೀಗಾಯಿತು: ಐದು ಸಾವಿರದೊಳಗೆ ಜಾಯ್‌ಸ್ಟಿಕ್. ಸು-25ಟಿಯಲ್ಲಿ ಹತ್ತಿ ಇಳಿಯಲು ಕಲಿಯುವವರೆಗೆ ಬೇರೇನೂ ಇಲ್ಲ. ಆಮೇಲೆ ಸುಮಾರು 1,300 ರೂಪಾಯಿಗೆ ಫ್ಲೇಮಿಂಗ್ ಕ್ಲಿಫ್ಸ್‌ನ ಮಿಗ್-29. ಅದೂ ನಮ್ಮ ವಾಯುಪಡೆಯದೇ, 1987ರಿಂದ ಸೇವೆಯಲ್ಲಿದೆ. ಹೆಲ್ಮೆಟ್ಟಿನ ಮೂಲಕ ಶತ್ರುವಿನತ್ತ ನೋಡಿದರೆ ಸಾಕು, ಆರ್-73 ಕ್ಷಿಪಣಿ ಅತ್ತ ತಿರುಗಿ ಗುರಿ ಹಿಡಿಯುತ್ತದೆ. ಎರಡೂ ಎಂಜಿನ್ನುಗಳ ಬಲ ಹೊಸಬರ ಎಷ್ಟೋ ತಡವರಿಕೆಗಳನ್ನು ಮನ್ನಿಸುತ್ತದೆ. ಮಿಗ್-21 ಕೈಬಿಡಬೇಕೆಂಬ ಬೇಸರ ಹುಡುಗನಿಗೆ ಉಳಿಯಲಿಲ್ಲ.

ಉಳಿದ ದುಡ್ಡು ಅವನ ಉಳಿತಾಯ ಖಾತೆಯಲ್ಲೇ ಇದೆ. ವರ್ಷಾಂತ್ಯದ ಸೇಲ್‌ಗೆ ಮುಂಚೆ ಹಾರ್ನೆಟ್‌ನ ಉಚಿತ ಹದಿನಾಲ್ಕು ದಿನ ಶುರು ಮಾಡುವುದು ಅವನ ಯೋಜನೆ, ಅದೂ ಪರೀಕ್ಷೆ ಮುಗಿದ ವಾರವೇ, ಒಂದು ದಿನವೂ ವ್ಯರ್ಥವಾಗದಂತೆ. ಹಿಡಿಸಿದರೆ ಅರ್ಧ ಬೆಲೆಗೆ, ಅಂದರೆ ಮೂರೂವರೆ ಸಾವಿರದ ಸುಮಾರಿಗೆ ಕೊಳ್ಳುತ್ತಾನೆ. ಹಿಡಿಸದಿದ್ದರೆ ಆ ಹಣ ರಡ್ಡರ್ ಪೆಡಲ್‌ಗೆ ಎಂದು ಈಗಲೇ ಅವನ ನೋಟ್‌ಬುಕ್ಕಿನಲ್ಲಿ ಬರೆದಾಗಿದೆ.