ಎಡದ ಸದ್ದು ಬಲಕ್ಕೆ ಕೇಳುತ್ತಿದೆಯೇ?

ಪರದೆಯ ಮೇಲೆ ಕಾರು ಎಡದಿಂದ ಬಲಕ್ಕೆ ಓಡುತ್ತದೆ, ಸದ್ದು ಬಲದಿಂದ ಎಡಕ್ಕೆ ಹೋಗುತ್ತದೆ. ಗೇಮ್ ಆಡುವಾಗ ಹೆಜ್ಜೆ ಸಪ್ಪಳ ಬಲಗಡೆ ಕೇಳಿಸಿತೆಂದು ಅತ್ತ ತಿರುಗಿದರೆ ಗುಂಡು ಎಡದಿಂದ ಬೀಳುತ್ತದೆ. ಕಂಪ್ಯೂಟರಿನ ಸ್ಪೀಕರ್‌ಗಳು ಅದಲುಬದಲಾದಾಗಿನ ಪಾಡು ಇದು. ಬರೀ ಹಾಡು ಕೇಳುವವರಿಗೆ ವರ್ಷಗಟ್ಟಲೆ ಗೊತ್ತೇ ಆಗದಿರಬಹುದು. ಕರ್ನಾಟಕ ಸಂಗೀತ ಕಚೇರಿಯಲ್ಲಿ ಸಾಮಾನ್ಯವಾಗಿ ಸಭಿಕರ ಬಲಕ್ಕೆ ಪಿಟೀಲು, ಎಡಕ್ಕೆ ಮೃದಂಗ ಇರುತ್ತದೆ. ವೇದಿಕೆಯ ಕ್ರಮದಲ್ಲೇ ಮುದ್ರಿಸಿದ ಸ್ಟೀರಿಯೊ ವಿಡಿಯೊ ಇದ್ದರೆ ಕಣ್ಣಿಗೂ ಕಿವಿಗೂ ತಾಳೆಯಾಗುತ್ತದೋ ನೋಡಿ.

ತೊಂದರೆ ಬಹಳ ಸಲ ಶುರುವಾಗುವುದು ಪ್ಲಗ್ ಪಾಯಿಂಟಿನಿಂದ. ಜೋಡಿ ಸ್ಪೀಕರ್‌ಗಳಲ್ಲಿ ವಾಲ್ಯೂಮ್ ಗುಂಡಿ, ಕರೆಂಟಿನ ವೈರು ಎರಡೂ ಒಂದೇ ಪೆಟ್ಟಿಗೆಗೆ ಇರುತ್ತವೆ. ಹೆಚ್ಚಾಗಿ ಅದು ಬಲಬದಿಯದು. ಮೇಜಿನ ಎಡಗೋಡೆಯಲ್ಲಿ ಪ್ಲಗ್ ಇದ್ದರೆ ವೈರು ಸಾಲದೆ ನಾವೇ ಅದನ್ನು ಎಡಕ್ಕಿಡುತ್ತೇವೆ. ಅಂಥ ಕಡೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದು ಸ್ಪೀಕರ್‌ಗಳ ಜಾಗ ಬದಲಿಸಿದರೆ ಕೆಲಸ ಮುಗಿಯಿತು. ಅದಕ್ಕೆ ಆಗದಿದ್ದರೆ ಮಾತ್ರ ಮುಂದೆ ಓದಿ.

ಮೊದಲು ಪರೀಕ್ಷೆ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ತೆರೆದು ಕೊನೆಗಿರುವ ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿ. ಪ್ಲೇಬ್ಯಾಕ್ ಪಟ್ಟಿಯಲ್ಲಿ ನಿಮ್ಮ ಸ್ಪೀಕರ್ ಆರಿಸಿ ಕಾನ್ಫಿಗರ್ ಒತ್ತಿದರೆ ಎರಡು ಸ್ಪೀಕರ್‌ಗಳ ಚಿತ್ರ ಬರುತ್ತದೆ. ಎಡದ ಚಿತ್ರ ಒತ್ತಿದಾಗ ಎಡದ ಸ್ಪೀಕರ್ ನುಡಿಯಬೇಕು. ನುಡಿಯದಿದ್ದರೆ ಹೆಡ್‌ಫೋನ್ ಹಾಕಿ ಇದನ್ನೇ ಮಾಡಿ. ಹೆಡ್‌ಫೋನಿನಲ್ಲಿ ಸರಿಯಿದ್ದರೆ ದೋಷ ಸ್ಪೀಕರ್ ಅಥವಾ ವೈರಿನದು. ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದು ಒಂದೇ ವಿಡಿಯೊ ತಿರುಗುಮುರುಗಾಗಿದ್ದರೆ ಅದನ್ನು ಮುದ್ರಿಸಿದವರೇ ಎಡವಿದ್ದಾರೆ. ವಿಎಲ್‌ಸಿ ಪ್ಲೇಯರಿನ ಆಡಿಯೊ ಮೆನುವಿನಲ್ಲಿ ಸ್ಟೀರಿಯೊ ಮೋಡ್‌ಗೆ ಹೋಗಿ ರಿವರ್ಸ್ ಸ್ಟೀರಿಯೊ ಆರಿಸಿದರೆ ಸಾಕು.

ವೈರಿನಲ್ಲೇ ಬದಲಿಸುವುದು

ನನ್ನ ಮತ ವೈರಿಗೇ. ಇಲ್ಲಿ ಬದಲಿಸಿದರೆ ಆ ಸ್ಪೀಕರಿಗೆ ಲ್ಯಾಪ್‌ಟಾಪ್, ಫೋನ್, ಟಿ.ವಿ. ಯಾವುದನ್ನು ಸಿಕ್ಕಿಸಿದರೂ ಸರಿಯಾಗಿಯೇ ಕೇಳುತ್ತದೆ. ಸ್ಪೀಕರಿನ ಹಿಂದೆ ಕೆಂಪು, ಬಿಳಿ ಆರ್‌ಸಿಎ ತೂತುಗಳಿದ್ದರೆ ಕೆಂಪು ಬಲ, ಬಿಳಿ ಎಡ. ಎರಡು ಪಿನ್‌ಗಳನ್ನು ಕಿತ್ತು ಅದಲುಬದಲು ಮಾಡಿ.

ಇರುವುದು 3.5 ಮಿ.ಮೀ. ಪಿನ್ ಒಂದೇ ಆದರೆ ಸ್ವಲ್ಪ ಉಪಾಯ ಬೇಕು. ಆ ಪಿನ್ನಿನ ತುದಿ ಎಡ ಚಾನೆಲ್, ನಡುವಿನ ಉಂಗುರ ಬಲ ಚಾನೆಲ್, ಬುಡ ಗ್ರೌಂಡ್. ವೈರು ಕತ್ತರಿಸಿ ಬೆಸೆಯಲು ಹೊರಡಬೇಡಿ, ಒಳಗಿನ ಎಳೆಗಳು ಕೂದಲಿನಷ್ಟು ತೆಳು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎರಡು ಪುಟ್ಟ ಕೇಬಲ್ ಕೇಳಿ: ಒಂದಕ್ಕೆ 3.5 ಮಿ.ಮೀ. ಪಿನ್ನು, ಇನ್ನೊಂದು ತುದಿಗೆ ಎರಡು ಆರ್‌ಸಿಎ ಸಾಕೆಟ್. ಮತ್ತೊಂದಕ್ಕೆ ಎರಡು ಆರ್‌ಸಿಎ ಪಿನ್ನು, ಇನ್ನೊಂದು ತುದಿಗೆ 3.5 ಮಿ.ಮೀ. ಸಾಕೆಟ್. ಕೆಂಪನ್ನು ಬಿಳಿಗೆ, ಬಿಳಿಯನ್ನು ಕೆಂಪಿಗೆ ಸಿಕ್ಕಿಸಿ ಕಂಪ್ಯೂಟರಿಗೂ ಸ್ಪೀಕರಿಗೂ ನಡುವೆ ಇಡಿ.

ಬೇರೆ ಆಂಪ್ಲಿಫೈಯರಿಗೆ ಜೋಡಿಸಿದ ಸ್ಪೀಕರ್‌ಗಳಾದರೆ ಒಂದು ಎಚ್ಚರ. ಆಂಪ್ಲಿಫೈಯರ್ ಆಫ್ ಮಾಡಿ, ಎಡದ ಎರಡೂ ಎಳೆಗಳನ್ನು ಒಟ್ಟಿಗೇ ಬಲಕ್ಕೆ, ಬಲದ ಎರಡನ್ನೂ ಎಡಕ್ಕೆ ಒಯ್ಯಿರಿ. ಪ್ಲಸ್ ಪ್ಲಸ್ಸಿಗೇ, ಮೈನಸ್ ಮೈನಸ್ಸಿಗೇ ಬರಬೇಕು. ಒಂದೇ ಸ್ಪೀಕರಿನಲ್ಲಿ ಪ್ಲಸ್ ಮೈನಸ್ ತಿರುಗಿಸಿದರೆ ಎಡಬಲ ಬದಲಾಗುವುದಿಲ್ಲ. ಬೇಸ್ ಸೊರಗಿ, ನಡುವೆ ನಿಂತು ಕೇಳಬೇಕಾದ ಗಾಯಕರ ದನಿ ಎಲ್ಲೆಲ್ಲೋ ಚದುರುತ್ತದೆ.

ಸಾಫ್ಟ್‌ವೇರ್ ದಾರಿ

ಯುಎಸ್‌ಬಿ, ಬ್ಲೂಟೂತ್ ಸ್ಪೀಕರ್‌ಗಳಿಗೆ ಇದೇ ಗತಿ. ವಿಂಡೋಸಿನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಎಡಬಲ ಬದಲಿಸುವ ಗುಂಡಿಯೇ ಇಲ್ಲ. ಬ್ಯಾಲೆನ್ಸ್ ಎಂದಿರುವುದು ಒಂದು ಬದಿಯ ಸದ್ದು ಏರಿಸಿ ಇಳಿಸುತ್ತದೆ ಅಷ್ಟೇ. ಕೆಲವು ಸೌಂಡ್ ಡ್ರೈವರ್‌ಗಳಲ್ಲಿ ಕಾಣುವ ಸೆಂಟರ್-ಸಬ್‌ವೂಫರ್ ಸ್ವ್ಯಾಪ್ ಕೂಡ ಬೇರೆ ವಿಷಯ.

ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಇನ್‌ಸ್ಟಾಲ್ ಆಗುವಾಗ ಯಾವ ಸ್ಪೀಕರ್ ಎಂದು ಕೇಳುತ್ತದೆ; ಟಿಕ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಅದರ ಫೋಲ್ಡರಿನಲ್ಲಿರುವ ಕಾನ್ಫಿಗ್ ಎಂಬ ಟೆಕ್ಸ್ಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೊದಲೇ ಕೆಲವು ಮಾದರಿ ಸಾಲುಗಳಿದ್ದರೆ ಅಳಿಸಿ, ಇಲ್ಲವಾದರೆ ಸದ್ದಿನ ಗುಣವೇ ಬದಲಾಗುತ್ತದೆ. ನಂತರ ಇಂಗ್ಲಿಷಿನಲ್ಲಿ ಒಂದೇ ಸಾಲು: ಕಾಪಿ ಎಂಬ ಪದ, ಕೋಲನ್, ಒಂದು ಸ್ಪೇಸ್, ಎಲ್, ಸಮ ಚಿಹ್ನೆ, ಆರ್, ಒಂದು ಸ್ಪೇಸ್, ಆರ್, ಸಮ ಚಿಹ್ನೆ, ಎಲ್. ಎಲ್ ಮತ್ತು ಆರ್ ದೊಡ್ಡಕ್ಷರದಲ್ಲಿರಲಿ. ಸೇವ್ ಮಾಡಿದ ಕ್ಷಣದಲ್ಲೇ ಸದ್ದು ಜಾಗ ಬದಲಿಸುತ್ತದೆ. ಬದಲಿಸದಿದ್ದರೆ ಆ ಸ್ಪೀಕರಿನ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಆಗಿದೆಯೇ ನೋಡಿ, ಅದು ಆನ್ ಇರಬೇಕು.

ಮ್ಯಾಕ್ ಇದ್ದವರಿಗೆ ಇಷ್ಟೆಲ್ಲ ಬೇಡ. ಆಡಿಯೊ ಮಿಡಿ ಸೆಟಪ್ ತೆರೆದು, ಸ್ಪೀಕರ್ ಆರಿಸಿ, ಕಾನ್ಫಿಗರ್ ಸ್ಪೀಕರ್ಸ್‌ನಲ್ಲಿ ಎಡಕ್ಕೆ 2, ಬಲಕ್ಕೆ 1 ಎಂದು ಕೊಡಿ.

ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ಸ್ಪೀಕರೂ ಹೆಡ್‌ಫೋನೂ ಒಂದೇ ಸಾಧನ. ಸಾಫ್ಟ್‌ವೇರಿನಲ್ಲಿ ಬದಲಿಸಿದವರಿಗೆ ಹೆಡ್‌ಫೋನಿನಲ್ಲಿ ಎಡಬಲ ತಪ್ಪಿ ಕೇಳುತ್ತದೆ. ಆಗ ಕಾನ್ಫಿಗ್ ಫೈಲಿನ ಆ ಸಾಲಿನ ಮುಂದೆ ಒಂದು ಹ್ಯಾಷ್ ಚಿಹ್ನೆ ಹಾಕಿ ಸೇವ್ ಮಾಡಿ, ಬದಲಾವಣೆ ನಿಲ್ಲುತ್ತದೆ. ಸ್ಪೀಕರಿಗೆ ಮರಳಿದಾಗ ಹ್ಯಾಷ್ ಅಳಿಸಿ.