ಬಲೆಯೊಡನೆ ಹಾರಿದ ಹಕ್ಕಿಗಳು

ಫಿಲ್ಮ್ಸ್ ಡಿವಿಷನ್ 1974ರಲ್ಲಿ ನಿರ್ಮಿಸಿದ, ವಿಜಯಾ ಮುಳೆಯವರ ‘ಏಕ್ ಅನೇಕ್ ಔರ್ ಏಕ್ತಾ’ ಎಂಬ ಕಿರುಚಿತ್ರವನ್ನು ದೂರದರ್ಶನವು ವರ್ಷಗಳ ಕಾಲ ಮಕ್ಕಳಿಗೆ ತೋರಿಸಿತು. ‘ಅನೇಕ’ವೆಂದರೇನೆಂದು ಕೇಳುವ ಮಕ್ಕಳಿಗೆ ಅಕ್ಕ ಕಥೆ ಹೇಳುತ್ತಾಳೆ: ಬೇಟೆಗಾರನ ಬಲೆಗೆ ಸಿಕ್ಕ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರುತ್ತವೆ, ಇಲಿಗಳು ಅದನ್ನು ಕಡಿಯುತ್ತವೆ. ಪಂಚತಂತ್ರದಲ್ಲಿ ಇದು ಗೆಳೆತನದ ಕಥೆ. ಇಲ್ಲಿ ರಾಷ್ಟ್ರದ ಕಥೆಯಾಗಿದೆ. ವೇಷ, ಭಾಷೆ ಬೇರೆಯಾದರೂ ಜನರು ಒಂದೇ ಎಂದು ಹಾಡು ಸಾರುತ್ತದೆ. ಸಾರುವ ಭಾಷೆ ಮಾತ್ರ ಹಿಂದಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಜತ್ತದ ಮಗುವಿಗೆ ಇದು ವಿಚಿತ್ರವೆನಿಸಲಿಕ್ಕಿಲ್ಲ. ಆದ್ದರಿಂದಲೇ ಶಿಕ್ಷಕರು ಕೇಳಬೇಕು. ಚಿತ್ರ ಮುಗಿದೊಡನೆ ಸಾರಾಂಶ ಹೇಳಿಬಿಡಬಾರದು. ಬೇಟೆಗಾರ ಯಾರು? ‘ನಾವು’ ಎಂಬುದರಲ್ಲಿ ಯಾರು ಯಾರಿದ್ದಾರೆ? ಇದೇ ಹಾಡು ಕನ್ನಡದಲ್ಲಿದ್ದರೆ ಏಕತೆ ಕುಂದುವುದೇ? ಬಂದ ಉತ್ತರಗಳನ್ನು ತಿದ್ದದೆ, ಮಕ್ಕಳ ಮಾತಿನಲ್ಲೇ ಕಪ್ಪುಹಲಗೆಯ ಮೇಲೆ ಬರೆಯಬೇಕು.